ಮೊದಲು ಟೇಪು ಹಿಡಿಯಿರಿ, ಆಮೇಲೆ ಜಿಪಿಎಸ್ ಕೊಳ್ಳಿ

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಇಬ್ಬರೂ ನಿವೃತ್ತರು. ಒಬ್ಬರು ಓಡಿಸಿದ್ದ, ಒಳಗೇ ಅಡುಗೆ, ನಿದ್ದೆ ಎಲ್ಲ ಆಗುವ ಮೋಟರ್‌ಹೋಮ್ ಒಂದನ್ನು ಈಚೆಗೆ ಕೊಂಡೆವು. ಕಾಗದದ ಪ್ರಕಾರ ಉದ್ದ 7.2 ಮೀಟರ್, ಎತ್ತರ 2.95 ಮೀಟರ್. ಚಾವಣಿ ಮೇಲಿನ ಎಸಿಯನ್ನು ಹಿಂದಿನವರು ಆಮೇಲೆ ಹಾಕಿಸಿದ್ದಂತೆ. ಫೋನ್ ಇದೆಯಲ್ಲ, ಬೇರೆ ಜಿಪಿಎಸ್ ಯಾಕೆ ಅಂತ ಯಜಮಾನರು ಕೇಳುತ್ತಾರೆ. ಅಂಗಡಿಯವರು ಲಾರಿಯವರು ಇಡುವ ಜಿಪಿಎಸ್ ಸೆಟ್ಟೇ ಗಟ್ಟಿ, ಅದನ್ನೇ ತಗೊಳ್ಳಿ ಅಂದರು. ಕ್ಯಾಂಪರ್‌ಗೆ ಅಂತಲೇ, ಅಂದರೆ ನಮ್ಮಂಥ ಗಾಡಿಗೆ ಅಂತಲೇ, ಬರುವ ಸೆಟ್ಟಿಗೆ ಬೆಲೆ ಜಾಸ್ತಿ. ಅಷ್ಟು ಕೊಡುವುದು ಸಾರ್ಥಕವೇ? ಪರದೆ ಎಷ್ಟು ದೊಡ್ಡದಿರಬೇಕು? ನೆಂಟರೊಬ್ಬರು ತಮ್ಮ ಕಾರಿನ ಹಳೇ ಜಿಪಿಎಸ್ ಸುಮ್ನೆ ಬಿದ್ದಿದೆ, ಬೇಕಾದರೆ ತಗೊಳ್ಳಿ ಅಂದಿದ್ದಾರೆ. ಅದು ನಡೆಯುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಎರಡು ಮಾತಿನ ಮೇಲೆ. ಒಂದು, ಎತ್ತರ 'ಕಾಗದದ ಪ್ರಕಾರ'. ಇನ್ನೊಂದು, ಎಸಿ 'ಆಮೇಲೆ ಹಾಕಿಸಿದ್ದು'. ಜಿಪಿಎಸ್ ವಿಚಾರಕ್ಕೆ ಬರುವ ಮುಂಚೆ ಇದನ್ನು ಮುಗಿಸಿಬಿಡೋಣ. ಯಾಕೆಂದರೆ ನೀವು ಎಷ್ಟೇ ಒಳ್ಳೇ ಸೆಟ್ ತಂದರೂ ಅದಕ್ಕೆ ನಿಮ್ಮ ಗಾಡಿಯ ಅಳತೆ ನೀವೇ ಹೇಳಬೇಕು. ತಪ್ಪು ಅಳತೆ ಹೇಳಿದರೆ ಅದು ಅಷ್ಟೇ ವಿಶ್ವಾಸದಿಂದ ತಪ್ಪು ದಾರಿ ತೋರಿಸುತ್ತದೆ.

ಕಾಗದದಲ್ಲಿರುವ ಎತ್ತರ ಗಾಡಿ ಕಾರ್ಖಾನೆಯಿಂದ ಹೊರಬಿದ್ದ ದಿನದ್ದು. ಆಮೇಲೆ ಹಾಕಿಸಿದ ಎಸಿ ಅದರಲ್ಲಿ ಸೇರಿರುವುದಿಲ್ಲ. ಚಾವಣಿಯ ಎಸಿ ಅಂದರೆ ಸಾಮಾನ್ಯವಾಗಿ 20ರಿಂದ 35 ಸೆಂಟಿಮೀಟರ್ ಮೇಲಕ್ಕೆ ಎದ್ದಿರುತ್ತದೆ. ಅಂದರೆ ನಿಮ್ಮ ಗಾಡಿ ಈಗ 3.2 ಮೀಟರ್ ಆಸುಪಾಸು ಇರಬಹುದು. 2.95ಕ್ಕೂ 3.2ಕ್ಕೂ ನಡುವೆ ಎಷ್ಟೋ ಸೇತುವೆಗಳಿವೆ.

ಅಳೆಯುವುದು ಹೇಗೆ ಅಂತ ಹೇಳುತ್ತೇನೆ, ಅರ್ಧ ಗಂಟೆಯ ಕೆಲಸ. ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ. ಟೈರಿಗೆ ಗಾಳಿ ಪೂರ್ತಿ ಇರಲಿ. ನೀರಿನ ಟ್ಯಾಂಕ್ ಖಾಲಿ ಇರಲಿ, ಸಾಮಾನು ಇಳಿಸಿರಿ. ತೂಕ ಇಳಿದಷ್ಟೂ ಸ್ಪ್ರಿಂಗ್ ಮೇಲೇಳುತ್ತದೆ, ಗಾಡಿ ಅತಿ ಎತ್ತರವಾಗಿರುವುದು ಆಗಲೇ. 100 ಲೀಟರ್ ನೀರು ಅಂದರೆ 100 ಕಿಲೋ ಅಲ್ವಾ, ಅದು ಕೆಳಗಿಳಿದರೆ ಗಾಡಿ ಸ್ವಲ್ಪ ಏಳುತ್ತದೆ. ಈಗ ಏಣಿ ಹತ್ತಿ, ಚಾವಣಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಯಾವುದು ನೋಡಿ. ಎಸಿಯ ಮುಚ್ಚಳವೋ, ಗಾಳಿ ಕಿಂಡಿಯ ಮುಚ್ಚಳವೋ, ಟಿವಿ ಆಂಟೆನಾವೋ, ಯಾವುದೇ ಇರಬಹುದು. ಅದರ ಮೇಲೆ ಒಂದು ನೇರವಾದ ಹಲಗೆ ಇಡಿ, ತುದಿ ಗಾಡಿಯ ಪಕ್ಕಕ್ಕೆ ಚಾಚಿಕೊಂಡಿರಲಿ. ಗಾರೆ ಕೆಲಸದವರ ರಸಮಟ್ಟ ಇದ್ದರೆ ಹಲಗೆ ಮೇಲೆ ಇಟ್ಟು ಗುಳ್ಳೆ ನಡುವೆ ಬಂತಾ ನೋಡಿಕೊಳ್ಳಿ. ಹಲಗೆಯ ತುದಿಯಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಡಿ, ಆ ದಾರದ ಉದ್ದಕ್ಕೂ ಟೇಪು ಹಿಡಿಯಿರಿ. ಒಬ್ಬರು ಮೇಲೆ, ಒಬ್ಬರು ಕೆಳಗೆ. ಎರಡು ಸಲ ಅಳೆಯಿರಿ. ಬಂದ ಸಂಖ್ಯೆಗೆ ನಾನು ಯಾವಾಗಲೂ 10 ಸೆಂಟಿಮೀಟರ್ ಸೇರಿಸುತ್ತೇನೆ. ಸೇತುವೆ ಕೆಳಗಿನ ರಸ್ತೆಗೆ ಡಾಂಬರು ಮೇಲೆ ಡಾಂಬರು ಹಾಕಿದಾಗ ಬೋರ್ಡಿನ ಮೇಲಿನ ಸಂಖ್ಯೆ ಬದಲಾಗಿರುವುದಿಲ್ಲ. ತಗ್ಗಿನಲ್ಲಿ ಗಾಡಿ ಪುಟಿಯುವುದೂ ಉಂಟು.

ಅಗಲ ಅಳೆಯುವಾಗ ಪಕ್ಕದ ಕನ್ನಡಿಗಳನ್ನು ಹೊರಕ್ಕೆ ಚಾಚಿಟ್ಟೇ ಅಳೆಯಿರಿ. ಕಾಗದದಲ್ಲಿರುವ ಅಗಲದಲ್ಲಿ ಸಾಮಾನ್ಯವಾಗಿ ಕನ್ನಡಿ ಸೇರಿರುವುದಿಲ್ಲ. ಉದ್ದಕ್ಕೆ ಹಿಂದಿನ ಸೈಕಲ್ ಸ್ಟ್ಯಾಂಡ್ ಸೇರಿಸಿ. ತೂಕಕ್ಕೆ ಮಾತ್ರ ತದ್ವಿರುದ್ಧ: ಟ್ಯಾಂಕ್ ತುಂಬಿಸಿ, ಗ್ಯಾಸ್, ಸಾಮಾನು, ನೀವಿಬ್ಬರೂ ಕೂತು ವೇಬ್ರಿಡ್ಜ್ ಮೇಲೆ ಹತ್ತಿಸಿ. ಅಲ್ಲಿ ಬಂದ ತೂಕ, ಕಾಗದದಲ್ಲಿರುವ ಗರಿಷ್ಠ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಸೆಟ್ಟಿಗೆ ಹಾಕಿ. ವೇಬ್ರಿಡ್ಜ್‌ದೇ ಜಾಸ್ತಿ ಬಂದರೆ ಹೊರಡುವ ಮುಂಚೆ ಸಾಮಾನು ಇಳಿಸಿ, ಅದು ಬೇರೆ ಮಾತು.

ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಹಲವು ವರ್ಷದ ಹಿಂದೆ ನಮ್ಮ ಗಾಡಿಗೂ ಚಾವಣಿ ಎಸಿ ಹಾಕಿಸಿದ್ದೆ. ಹಾಕಿದ ಗ್ಯಾರೇಜಿನವರು ಎತ್ತರ ಎಷ್ಟಾಯಿತು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೆಟ್ಟಿನಲ್ಲಿ ಹಳೇ ಅಳತೆಯೇ ಇತ್ತು. ಒಂದು ಸಂಜೆ ಅದು ನಮ್ಮನ್ನು ರೈಲ್ವೆ ಸೇತುವೆಯೊಂದರ ಕೆಳಗೆ ಕರೆದುಕೊಂಡು ಹೋಯಿತು. ಬೋರ್ಡು 3.1 ಮೀಟರ್ ಅನ್ನುತ್ತಿತ್ತು. ಸೆಟ್ಟಿಗೆ ನಾನು ಕೊಟ್ಟಿದ್ದು 2.9. ನಿಧಾನಕ್ಕೇ ಹೋಗುತ್ತಿದ್ದೆ, ಆದರೂ ತಲೆ ಮೇಲೆ ಕರಕರ ಅಂತ ಒಂದು ಸದ್ದು ಬಂತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಎಸಿಯ ಪ್ಲಾಸ್ಟಿಕ್ ಮುಚ್ಚಳ ಸೀಳಿಹೋಗಿತ್ತು. ಹಿಂದೆ ಗಾಡಿಗಳ ಸಾಲು. ಮನೆಯವಳು ಟಾರ್ಚ್ ಹಿಡಿದು ಇಳಿದು, ಒಬ್ಬೊಬ್ಬರಿಗೂ ಕೈ ಮುಗಿದು ಹಿಂದೆ ಸರಿಸಿದಳು. ಅವತ್ತು ಸೆಟ್ಟಿನ ತಪ್ಪು ಏನೂ ಇರಲಿಲ್ಲ. ನಾನು ಕೊಟ್ಟ ಲೆಕ್ಕಕ್ಕೆ ಆ ಸೇತುವೆ ಸರಿಯಾಗಿಯೇ ಇತ್ತು.

ಅಡಿ-ಇಂಚಿನ ದೇಶಗಳಲ್ಲಿ ಓಡಿಸುವವರು ಇನ್ನೊಂದು ಕಡೆ ಎಡವುತ್ತಾರೆ. 9 ಅಡಿ 11 ಇಂಚನ್ನು 9.11 ಅಂತ ಸೆಟ್ಟಿಗೆ ಒತ್ತಿಬಿಡುತ್ತಾರೆ. 9 ಅಡಿ 11 ಇಂಚು ಅಂದರೆ 3.02 ಮೀಟರ್. 9.11 ಅಡಿ ಅಂದರೆ 2.78 ಮೀಟರ್. ಒಂದು ಚುಕ್ಕೆಯಿಂದ ಗಾಡಿ ಸುಮಾರು 24 ಸೆಂಟಿಮೀಟರ್ ಕುಳ್ಳಾಗಿಬಿಡುತ್ತದೆ. ಸೆಟ್ಟಿನ ಯೂನಿಟ್ ಮೀಟರೋ ಅಡಿಯೋ ಅಂತ ಮೊದಲು ನೋಡಿ, ಆಮೇಲೆ ಸಂಖ್ಯೆ ಹಾಕಿ. ಎತ್ತರವನ್ನು ಎರಡೂ ಲೆಕ್ಕದಲ್ಲಿ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿಕೊಳ್ಳಿ. ಬೋರ್ಡು ಎದುರಿಗೆ ಬಂದಾಗ ಲೆಕ್ಕ ಹಾಕೋಕೆ ಪುರಸೊತ್ತು ಇರುವುದಿಲ್ಲ.

ಈಗ ಯಜಮಾನರ ಪ್ರಶ್ನೆ: ಫೋನ್ ಸಾಲದಾ?

ನಾವು ಎಲ್ಲಿದ್ದೇವೆ ಅಂತ ಹೇಳೋಕೆ ಫೋನ್ ಧಾರಾಳವಾಗಿ ಸಾಕು. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತವೆ. ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಜಾಗ ಗೊತ್ತಾಗುತ್ತದೆ. ಬಯಲಲ್ಲಿ ಮಾಮೂಲಿ ಫೋನಿಗೂ ಸುಮಾರು 5 ಮೀಟರ್ ಒಳಗಿನ ನಿಖರತೆ ಬರುತ್ತದೆ. ಇದಕ್ಕೆ ಇಂಟರ್ನೆಟ್ಟೂ ಬೇಡ, ಸಿಮ್ಮೂ ಬೇಡ. ಹಾಗಾಗಿ ಪೆಟ್ಟಿಗೆ ಮೇಲೆ ಗ್ಲೋನಾಸ್, ಗೆಲಿಲಿಯೋ, ಬೈಡೂ ಅಂತ ಬೇರೆ ದೇಶಗಳ ಉಪಗ್ರಹ ವ್ಯವಸ್ಥೆಗಳ ಎಷ್ಟು ಹೆಸರು ಬರೆದಿದ್ದರೂ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ರಸ್ತೆ ಮೇಲೆ ಓಡುವ ಗಾಡಿಗೆ ಅದರಿಂದ ನಿಮಗೆ ಕಾಣುವಂಥ ವ್ಯತ್ಯಾಸ ಏನೂ ಆಗುವುದಿಲ್ಲ.

ವ್ಯತ್ಯಾಸ ಇರುವುದು ದಾರಿ ಆರಿಸುವುದರಲ್ಲಿ. ಗೂಗಲ್ ಮ್ಯಾಪ್ಸ್ ಕಾರಿಗೆ, ಬೈಕಿಗೆ, ನಡೆಯುವವರಿಗೆ ದಾರಿ ತೋರಿಸುತ್ತದೆ. ನಮ್ಮ ಗಾಡಿ ಇಷ್ಟೆತ್ತರ, ಇಷ್ಟು ತೂಕ ಅಂತ ಹೇಳೋಕೆ ಅದರಲ್ಲಿ ಜಾಗವೇ ಇಲ್ಲ. ಐದು ನಿಮಿಷ ಉಳಿಯುತ್ತದೆ ಅಂದರೆ ಓಣಿಗೂ ನುಗ್ಗಿಸುತ್ತದೆ. ಕಾರಿಗೆ ಅದು ಸರಿಯೇ. ನಿಮ್ಮ 7.2 ಮೀಟರ್ ಗಾಡಿ ಆ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹಿಂದಿನ ಚಕ್ರದ ಆಚೆ ಚಾಚಿಕೊಂಡಿರುವ ಭಾಗ ನೀವು ತಿರುಗಿಸಿದ ದಿಕ್ಕಿಗೆ ವಿರುದ್ಧವಾಗಿ ಬೀಸುತ್ತದೆ. ಕಾರು ಓಡಿಸಿದವರಿಗೆ ಇದು ಹೊಸದು.

ಫೋನನ್ನೇ ಬಳಸುತ್ತೇವೆ ಅಂದರೆ ಗಾಡಿಯ ಅಳತೆ ಕೇಳುವ ಆ್ಯಪ್ ಹಾಕಿಕೊಳ್ಳಿ. ಕೋಪೈಲಟ್, ಸಿಜಿಕ್ ಇವುಗಳಲ್ಲಿ ದೊಡ್ಡ ಗಾಡಿಗೆ, ಕ್ಯಾಂಪರ್‌ಗೆ ಅಂತಲೇ ದುಡ್ಡು ಕಟ್ಟಿ ಬಳಸುವ ಆವೃತ್ತಿಗಳಿವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಓಸ್ಮ್‌ಆ್ಯಂಡ್‌ನಲ್ಲೂ ಎತ್ತರ, ತೂಕ ಹಾಕಬಹುದು. ಮ್ಯಾಪನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಕೈ ಹಿಡಿತದವರಿಗೆ ಒಂದು ಟ್ಯಾಬ್ಲೆಟ್ ಮೇಲೆ ಇಂಥ ಆ್ಯಪ್ ಹಾಕಿಕೊಳ್ಳುವುದು ಒಳ್ಳೇ ದಾರಿ, ಅದನ್ನು ಕೀಳು ಅಂತ ನಾನು ಹೇಳುವುದಿಲ್ಲ. ಆದರೆ ಬಿಸಿಲಿನ ತೊಂದರೆ ನೆನಪಿರಲಿ. ಮೋಟರ್‌ಹೋಮಿನ ಮುಂದಿನ ಗಾಜು ದೊಡ್ಡದು, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲು ನೇರ ಬೀಳುತ್ತದೆ. ಐಫೋನ್ ಬಳಸಲು ಸುತ್ತಲ ಬಿಸಿ 35 ಡಿಗ್ರಿ ದಾಟಬಾರದು ಅಂತ ಆಪಲ್ ಹೇಳುತ್ತದೆ. ಗಾಜಿನ ಹಿಂದೆ ಮಧ್ಯಾಹ್ನ ಅದು ಸುಲಭವಾಗಿ ದಾಟುತ್ತದೆ. ಮೊದಲು ಪರದೆ ಮಂಕಾಗುತ್ತದೆ. ಆಮೇಲೆ ಫೋನ್ ತಣ್ಣಗಾಗುವ ತನಕ ಕೆಲಸವನ್ನೇ ನಿಲ್ಲಿಸುತ್ತದೆ. ಅದು ನಿಲ್ಲುವುದು ನಾಲ್ಕು ರಸ್ತೆ ಸೇರುವ ಜಾಗದಲ್ಲೇ ಆದರೆ ಕಷ್ಟ. ಎಸಿಯ ಗಾಳಿ ಬೀಳುವ ಕಿಂಡಿಯ ಮುಂದೆ ಸ್ಟ್ಯಾಂಡ್ ಹಾಕಿದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಲಾರಿ ಸೆಟ್ ವಿಚಾರದಲ್ಲಿ ಅಂಗಡಿಯವರು ಅರ್ಧ ಸರಿ. ಅದರಲ್ಲಿ ಸೇತುವೆಯ ಎತ್ತರ, ತೂಕದ ಮಿತಿ ಎಲ್ಲ ಇರುತ್ತದೆ. ಆದರೆ ಲಾರಿಗೆ ನಿಷೇಧ ಇರುವ ಎಷ್ಟೋ ರಸ್ತೆಗಳಲ್ಲಿ ಮೋಟರ್‌ಹೋಮ್ ಹೋಗಬಹುದು, ಯಾಕೆಂದರೆ ಅದು ಸರಕು ಸಾಗಿಸುವ ಗಾಡಿ ಅಲ್ಲ. ಲಾರಿ ಸೆಟ್ಟಿಗೆ ಈ ಭೇದ ಗೊತ್ತಾಗುವುದಿಲ್ಲ. ಸುಮ್ನೆ ಸುತ್ತು ಹಾಕಿಸುತ್ತದೆ. ಹಳ್ಳಿ ಪಕ್ಕದ ಒಳ್ಳೇ ರಸ್ತೆ ಬಿಟ್ಟು ಕೈಗಾರಿಕಾ ಪ್ರದೇಶದ ಮೇಲೆ ಕರೆದೊಯ್ಯುತ್ತದೆ. ಊರೂರು ನೋಡಿಕೊಂಡು ಹೋಗೋಣ ಅಂತ ಹೊರಟವರಿಗೆ ಇದು ಬೇಸರ. ನಿಮ್ಮದು 11-12 ಮೀಟರಿನ ಬಸ್ಸಿನಂಥ ಗಾಡಿ ಆಗಿದ್ದರೆ ನಾನೂ ಲಾರಿ ಸೆಟ್ಟಿನ ಕಡೆ ನೋಡಿ ಅಂತಿದ್ದೆ. 7.2 ಮೀಟರಿಗೆ ಬೇಡ.

ಹಾಗಾದರೆ ಉಳಿದಿದ್ದು ಕ್ಯಾಂಪರ್ ಸೆಟ್. ಗಾರ್ಮಿನ್, ಟಾಮ್‌ಟಾಮ್ ಎರಡೂ ಇಂಥದ್ದನ್ನು ಮಾಡುತ್ತವೆ. ಬೆಲೆ ಜಾಸ್ತಿ ನಿಜ. ಆ ಜಾಸ್ತಿ ದುಡ್ಡು ಹೋಗುವುದು ಯಾವುದಕ್ಕೆ ಅಂತ ತಿಳಿದಿರಬೇಕು. ಹೊರಗಿನ ಡಬ್ಬಿ ಏನೋ ಕಾರಿನ ಸೆಟ್ಟಿನ ಹಾಗೆಯೇ ಇರುತ್ತದೆ. ನೀವು ಕೊಡುವುದು ಒಳಗಿರುವ ಮಾಹಿತಿಗೆ: ಯಾವ ರಸ್ತೆಯಲ್ಲಿ ಎಷ್ಟು ಎತ್ತರ, ಎಷ್ಟು ತೂಕ, ಎಷ್ಟು ಅಗಲ ಬಿಡುತ್ತಾರೆ ಅನ್ನುವ ಮಾಹಿತಿಗೆ. ಆ ಮಾಹಿತಿ ನೀವು ಓಡಾಡುವ ಕಡೆ ಚೆನ್ನಾಗಿದ್ದರೆ ದುಡ್ಡು ಸಾರ್ಥಕ. ಇಲ್ಲದಿದ್ದರೆ ಅದು ದುಬಾರಿ ಕಾರ್ ಸೆಟ್ ಅಷ್ಟೆ. ಒಂದೇ ಕಂಪನಿಯ ಸೆಟ್ಟಿನಲ್ಲೂ ಎಲ್ಲ ದೇಶದ ಮಾಹಿತಿ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆದ್ದರಿಂದ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ಮ್ಯಾಪಿನ ಪಟ್ಟಿ ತೆಗೆದು ನೋಡಿ. ಮ್ಯಾಪ್ ಇದೆಯಾ ಅಂತ ಕೇಳಿ ಸುಮ್ಮನಾಗಬೇಡಿ. ದೊಡ್ಡ ಗಾಡಿಯ ಅಡ್ಡಿಗಳ ಮಾಹಿತಿ ಆ ದೇಶಕ್ಕೆ ಇದೆಯಾ ಅಂತ ಕೇಳಿ.

ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡುವ ಉಪಾಯ ಒಂದಿದೆ. ನಿಮಗೆ ಚೆನ್ನಾಗಿ ಗೊತ್ತಿರುವ, ಬೋರ್ಡಿನಲ್ಲಿ ಎತ್ತರ ಬರೆದಿರುವ ಎರಡು ಮೂರು ತಗ್ಗು ಸೇತುವೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿ. ಒಂದು ದೊಡ್ಡ ರಸ್ತೆಯದು ಇರಲಿ, ಒಂದು ಸಣ್ಣ ರಸ್ತೆಯದು ಇರಲಿ. ಸೆಟ್ಟಿನಲ್ಲಿ ಗಾಡಿಯ ಎತ್ತರವನ್ನು ಬೇಕಂತಲೇ ಆ ಬೋರ್ಡಿಗಿಂತ ಅರ್ಧ ಮೀಟರ್ ಜಾಸ್ತಿ ಹಾಕಿ. ಈಗ ಸೇತುವೆಯ ಈಚೆಯಿಂದ ಆಚೆಗೆ ದಾರಿ ಕೇಳಿ. ಸುತ್ತು ಹಾಕಿಸಿತಾ? ಒಳ್ಳೇದು. ಸೀದಾ ಸೇತುವೆ ಕೆಳಗೇ ಗೆರೆ ಎಳೆಯಿತಾ? ಆ ಸೇತುವೆ ಅದಕ್ಕೆ ಗೊತ್ತಿಲ್ಲ. ದೊಡ್ಡ ರಸ್ತೆಯಲ್ಲಿ ಪಾಸಾಗಿ ಸಣ್ಣ ರಸ್ತೆಯಲ್ಲಿ ಫೇಲಾದರೆ ಆಶ್ಚರ್ಯ ಪಡಬೇಡಿ, ಬಹಳ ಸೆಟ್ಟುಗಳು ಹೀಗೇ. ಮೂರರಲ್ಲಿ ಮೂರೂ ಫೇಲಾದರೆ ಆ ಸೆಟ್ ಕೆಳಗಿಡಿ. ಗಾಡಿ ಯಾವ ಬಗೆ ಅಂತ ಸೆಟ್ಟಿಗೆ ಹೇಳುವ ಜಾಗಕ್ಕೆ ಪ್ರೊಫೈಲ್ ಅನ್ನುತ್ತಾರೆ. ಹಾಗೇ ಕಾರಿನ ಪ್ರೊಫೈಲಿನಲ್ಲೂ ಕ್ಯಾಂಪರ್ ಪ್ರೊಫೈಲಿನಲ್ಲೂ ಒಂದೇ ಪ್ರಯಾಣಕ್ಕೆ ದಾರಿ ಕೇಳಿ ನೋಡಿ. ಊರಿನ ನಡುವೆ ಹಾದುಹೋಗುವ ಪ್ರಯಾಣ ಆರಿಸಿ. ಎರಡಕ್ಕೂ ಅಚ್ಚು ಹೊಡೆದ ಹಾಗೆ ಒಂದೇ ದಾರಿ ಬಂದರೆ, ಕ್ಯಾಂಪರ್ ಅನ್ನುವುದು ಬರೀ ಚಿತ್ರ ಬದಲಾಯಿಸಿದ್ದು ಇರಬಹುದು. ಎಲ್ಲ ಆದಮೇಲೆ ಎತ್ತರವನ್ನು ಸರಿಯಾದ ಸಂಖ್ಯೆಗೆ ವಾಪಸ್ ತರುವುದನ್ನು ಮರೆಯಬೇಡಿ.

ಇಲ್ಲಿ ಒಂದು ಮಾತು ನೀವಿಬ್ಬರೂ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಮ್ಯಾಪಿನಲ್ಲಿ ಎತ್ತರದ ಮಾಹಿತಿ ಇಲ್ಲದ ಸೇತುವೆಯನ್ನು ಸೆಟ್ ಅಡ್ಡಿಯೇ ಇಲ್ಲದ ರಸ್ತೆ ಅಂತ ತಿಳಿಯುತ್ತದೆ. ಗೊತ್ತಿಲ್ಲ ಅಂತ ಅದು ಹೇಳುವುದಿಲ್ಲ. ಹಾಗಾಗಿ ಪರದೆ ಏನೇ ಹೇಳಲಿ, ರಸ್ತೆ ಬದಿಯ ಬೋರ್ಡೇ ಕೊನೇ ಮಾತು.

ಬೋರ್ಡನ್ನೂ ನೋಡದೆ ಹೋಗುವವರು ಎಷ್ಟು ಜನ ಅನ್ನುವುದಕ್ಕೆ ಅಮೆರಿಕದ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ಒಂದು ರೈಲ್ವೆ ಸೇತುವೆ ಇದೆ. ಅದರ ಎತ್ತರ 11 ಅಡಿ 8 ಇಂಚು ಇತ್ತು, ಅಂದರೆ 3.56 ಮೀಟರ್. ಹತ್ತಿರದ ಆಫೀಸಿನಲ್ಲಿದ್ದ ಒಬ್ಬರು 2008ರಲ್ಲಿ ಕ್ಯಾಮೆರಾ ಇಟ್ಟರು. ಅಲ್ಲಿಂದ ನೂರಕ್ಕೂ ಹೆಚ್ಚು ಗಾಡಿಗಳು ಅದಕ್ಕೆ ತಲೆ ಹೊಡೆದುಕೊಂಡಿದ್ದು ವಿಡಿಯೊದಲ್ಲಿದೆ. ಬಾಡಿಗೆ ಟ್ರಕ್ಕುಗಳೇ ಜಾಸ್ತಿ. ಮೋಟರ್‌ಹೋಮ್‌ಗಳೂ ಇವೆ. ಎತ್ತರದ ಗಾಡಿ ಬಂದರೆ ತಾನೇ ಹೊತ್ತಿಕೊಳ್ಳುವ ಎಚ್ಚರಿಕೆ ದೀಪ ಹಾಕಿದರು, ಸಿಗ್ನಲ್ ಹಾಕಿದರು. ನಿಲ್ಲಲಿಲ್ಲ. 2019ರಲ್ಲಿ ಸೇತುವೆಯನ್ನೇ 8 ಇಂಚು ಮೇಲೆತ್ತಿ 12 ಅಡಿ 4 ಇಂಚು ಮಾಡಿದರು. ಆಮೇಲೂ ಹೊಡೆದವರಿದ್ದಾರೆ. ಅವರೆಲ್ಲ ಅಜಾಗರೂಕರು ಅಂತ ನನಗೆ ಅನ್ನಿಸುವುದಿಲ್ಲ. ದಿನಾ ಕಾರು ಓಡಿಸುವವರಿಗೆ ತಲೆ ಮೇಲೆ ಏನಿದೆ ಅಂತ ನೋಡುವ ಅಭ್ಯಾಸವೇ ಇರುವುದಿಲ್ಲ. ಸೆಟ್ಟಿನ ಎಚ್ಚರಿಕೆ ಬೇಕಾಗುವುದು ಅದಕ್ಕೇ. ಮುಂದೆ ತಗ್ಗು ಸೇತುವೆ, ಕಡಿದಾದ ಇಳಿಜಾರು, ಕಿರಿದಾದ ರಸ್ತೆ ಅಂತ ಅದು ಸಾಕಷ್ಟು ಮುಂಚೆ ಶಬ್ದ ಮಾಡಿ ಹೇಳಬೇಕು. ತಿರುಗಿಸಲು ಜಾಗ ಇರುವಾಗಲೇ ಹೇಳಿದರೆ ಮಾತ್ರ ಅದು ಎಚ್ಚರಿಕೆ.

ಅಡುಗೆ ಗ್ಯಾಸಿನ ಸಿಲಿಂಡರ್ ನಿಮ್ಮ ಗಾಡಿಯಲ್ಲಿ ಇದ್ದೇ ಇರುತ್ತದೆ. ಕೆಲವು ಸುರಂಗಗಳಲ್ಲಿ ಗ್ಯಾಸಿಗೆ ನಿರ್ಬಂಧ ಇದೆ. ಅಮೆರಿಕದ ಬಾಲ್ಟಿಮೋರ್ ಬಂದರಿನ ಸುರಂಗದಲ್ಲಿ ಪ್ರೊಪೇನ್ ಅನ್ನುವ ಅಡುಗೆ ಗ್ಯಾಸ್ ಸಾಗಿಸಲು ಮಿತಿ ಇದೆ. ಬ್ರಿಟನ್-ಫ್ರಾನ್ಸ್ ನಡುವಿನ ಚಾನೆಲ್ ಸುರಂಗದ ರೈಲಿಗೆ ಎಲ್‌ಪಿಜಿಯಲ್ಲಿ ಓಡುವ ಗಾಡಿಯನ್ನು ಹತ್ತಿಸುವುದಿಲ್ಲ. ಪ್ರೊಫೈಲಿನಲ್ಲಿ ಗ್ಯಾಸ್ ಇದೆ ಅಂತ ಗುರುತು ಮಾಡುವ ಆಯ್ಕೆ ಇದ್ದರೆ ಗುರುತು ಮಾಡಿ. ತೂಕದಲ್ಲಿ 3.5 ಟನ್ ಅನ್ನುವುದು ಯುರೋಪಿನಲ್ಲಿ ದೊಡ್ಡ ಗೆರೆ. ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ನಲ್ಲಿ ಅದನ್ನು ದಾಟಿದ ಗಾಡಿಗೆ ಟೋಲ್ ಕಟ್ಟುವ ಕ್ರಮವೇ ಬೇರೆ. ಇಂಥ ಕಡೆ ಹೋಗುವ ಮುಂಚೆ ಅಲ್ಲಿಯ ಸರ್ಕಾರಿ ವೆಬ್‌ಸೈಟ್ ನೋಡಿ, ಸೆಟ್ಟನ್ನು ನಂಬಿ ಕೂರಬೇಡಿ. ಸ್ಪೀಡ್ ಕ್ಯಾಮೆರಾ ಎಚ್ಚರಿಕೆಯೂ ಹಾಗೇ. ಸ್ವಿಟ್ಜರ್‌ಲೆಂಡ್‌ನಲ್ಲಿ ಅದು ಕಾನೂನಿಗೆ ವಿರುದ್ಧ, ಗಡಿ ದಾಟುವ ಮುಂಚೆ ಆಫ್ ಮಾಡಿ.

ಪರದೆ ಎಷ್ಟಿರಬೇಕು ಅಂದಿರಿ. ಕಾರಿನಲ್ಲಿ 5 ಇಂಚು ಸಾಕಾಗುತ್ತದೆ, ಸೆಟ್ ಕೈಗೆಟುಕುವ ದೂರದಲ್ಲಿ ಇರುತ್ತದೆ. ಮೋಟರ್‌ಹೋಮಿನಲ್ಲಿ ಗಾಜು ದೂರ, ಸೆಟ್ಟೂ ದೂರ. ನಿಮ್ಮ ಗಾಡಿಗೆ 7 ಇಂಚು ಸರಿ. 8 ಆದರೂ ಆಗಬಹುದು. ಮಾರುಕಟ್ಟೆಯಲ್ಲಿ 10 ಇಂಚಿನದೂ ಇದೆ, ಬಸ್ಸಿನ ಹಾಗೆ ಮುಂಭಾಗ ಚಪ್ಪಟೆ ಇರುವ ಗಾಡಿಗೆ ಅದು ಹೊಂದುತ್ತದೆ. ನಿಮ್ಮದಕ್ಕೆ ಹಾಕಿದರೆ ರಸ್ತೆಯನ್ನೇ ಮರೆ ಮಾಡುತ್ತದೆ.

ಇಂಚಿಗಿಂತ ಮುಖ್ಯ ಓದೋಕೆ ಆಗುತ್ತದಾ ಅನ್ನುವುದು. ಇದಕ್ಕೆ ಸೆಟ್ಟನ್ನು ಗಾಡಿಗೇ ತಂದು ನೋಡಬೇಕು. ಅಂಗಡಿಯವರು ಬಿಟ್ಟುಕೊಟ್ಟರೆ ನಡು ಮಧ್ಯಾಹ್ನ ಗಾಡಿಯಲ್ಲಿ ಕೂತು, ಸೆಟ್ ಇಡುವ ಜಾಗದಲ್ಲೇ ಹಿಡಿದು, ಮುಂದಿನ ತಿರುವಿಗೆ ಎಷ್ಟು ದೂರ ಅಂತ ಮೂಲೆಯಲ್ಲಿರುವ ಸಣ್ಣ ಅಂಕಿ ಓದಿ. ಓಡಿಸುವವರು ಹಾಕುವ ಕನ್ನಡಕ ಹಾಕಿಕೊಂಡೇ ಓದಿ. ತಂಪು ಕನ್ನಡಕ ಪೋಲರೈಸ್ಡ್ (ಪ್ರತಿಫಲಿಸುವ ಬೆಳಕು ತಡೆಯುವಂಥದ್ದು) ಆಗಿದ್ದರೆ ಕೆಲವು ಪರದೆಗಳು ಅಡ್ಡ ಹಿಡಿದಾಗ ಚೆನ್ನಾಗಿ ಕಂಡು, ಉದ್ದ ಹಿಡಿದಾಗ ಕಪ್ಪಾಗಿಬಿಡುತ್ತವೆ. ಇದು ಮನೆಗೆ ಬಂದಮೇಲೆ ಗೊತ್ತಾದರೆ ಬೇಜಾರು.

ಸ್ಟ್ಯಾಂಡ್ ಬಗ್ಗೆ ಜನ ಯೋಚಿಸುವುದೇ ಇಲ್ಲ. ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಬಿಸಿಲಿಗೆ ಸಡಿಲವಾಗಿ, ಒಂದು ದಿನ ತಿರುವಿನ ನಡುವೆ ಸೆಟ್ಟಿನ ಸಮೇತ ಬಿದ್ದು ಕಾಲ ಬಳಿ ಉರುಳುತ್ತದೆ. ಬ್ರೇಕಿನ ಹತ್ತಿರ ಅದು ಬೀಳುವುದು ತಮಾಷೆಯ ವಿಷಯ ಅಲ್ಲ. 7 ಇಂಚಿನ ಸೆಟ್ ಭಾರವೂ ಇರುತ್ತದೆ. ಡ್ಯಾಶ್‌ಬೋರ್ಡಿಗೆ ತಿರುಪು ಹಾಕಿ ಕೂರಿಸುವ ಸ್ಟ್ಯಾಂಡ್ ಆದರೆ ನಿಶ್ಚಿಂತೆ. ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗದಲ್ಲಿ ಮಾತ್ರ ಏನನ್ನೂ ಕೂರಿಸಬೇಡಿ. ಇನ್ನೊಂದು, ಕೆಲವು ಗಾಡಿಗಳ ಗಾಜಿಗೆ ಬಿಸಿಲು ತಡೆಯಲೆಂದು ಸಣ್ಣ ಲೋಹದ ಲೇಪ ಇರುತ್ತದೆ, ಕೆಲವದರಲ್ಲಿ ಮಂಜು ಕರಗಿಸುವ ತಂತಿ ಇರುತ್ತದೆ. ಅಂಥ ಗಾಜಿನ ಹಿಂದೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಫೋನ್ ಹಿಡಿದು ನೋಡಿದರೆ ಗೊತ್ತಾಗುತ್ತದೆ: ಹೊರಗೆ ಸರಿಯಾಗಿ ತೋರಿಸಿ ಒಳಗೆ ಅಲೆದಾಡಿದರೆ ಹೊರಗಿನ ಆಂಟೆನಾ ಸಿಕ್ಕಿಸಲು ಬರುವ ಸೆಟ್ ನೋಡಿ. ಬ್ಯಾಟರಿ ಮೇಲೆ ಇಂಥ ಸೆಟ್ಟುಗಳು ಬಹಳ ಹೊತ್ತು ನಡೆಯುವುದಿಲ್ಲ, ಗಾಡಿಯ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿಯೇ ಇಡಬೇಕು. ವೈರು ಗೇರ್ ಹತ್ತಿರ ತೂಗಾಡದ ಹಾಗೆ ಕಟ್ಟಿ.

ದನಿ ಜೋರಾಗಿರಬೇಕು, ಡೀಸೆಲ್ ಎಂಜಿನ್ ಮತ್ತು ಒಳಗಿನ ಪಾತ್ರೆಗಳ ಸದ್ದಿನ ನಡುವೆ ಕೇಳಬೇಕಲ್ಲ. ಹಿಂದೆ ನೋಡುವ ಕ್ಯಾಮೆರಾ ಸೆಟ್ಟಿಗೇ ಸೇರುವಂತಿದ್ದರೆ ಅನುಕೂಲ. ಕ್ಯಾಂಪಿಂಗ್ ಜಾಗಗಳ ಪಟ್ಟಿ ಒಳಗೇ ಇದೆ ಅಂತ ಅದಕ್ಕೋಸ್ಕರ ದುಬಾರಿ ಮಾಡೆಲ್ ಕೊಳ್ಳಬೇಡಿ. ಪಾರ್ಕ್‌ಫಾರ್‌ನೈಟ್, ಐಓವರ್‌ಲ್ಯಾಂಡರ್ ಥರದ ಆ್ಯಪ್‌ಗಳು ಫೋನಿನಲ್ಲೇ ಇವೆ, ಅಲ್ಲಿ ಜನ ಮೊನ್ನೆ ಮೊನ್ನೆ ಹೋಗಿ ಬಂದು ಬರೆದಿದ್ದು ಸಿಗುತ್ತದೆ.

ನೆಂಟರ ಹಳೇ ಸೆಟ್ ಬೇಡ. ಅದು ಕಾರಿನದು, ಅಳತೆ ಕೇಳುವುದೇ ಇಲ್ಲ. ಇನ್ನೊಂದು ಕಾರಣವೂ ಇದೆ. ಜಿಪಿಎಸ್ ಉಪಗ್ರಹಗಳು ವಾರದ ಲೆಕ್ಕವನ್ನು 0ಯಿಂದ 1023ರ ತನಕ ಎಣಿಸಿ ಮತ್ತೆ 0ಗೆ ಬರುತ್ತವೆ. 1,024 ವಾರಕ್ಕೊಮ್ಮೆ, ಅಂದರೆ ಸುಮಾರು 19 ವರ್ಷ ಏಳೂವರೆ ತಿಂಗಳಿಗೆ ಒಮ್ಮೆ ಇದು ಆಗುತ್ತದೆ. ಹಿಂದಿನ ಸಲ ಆಗಿದ್ದು 2019ರ ಏಪ್ರಿಲ್ 6ರ ರಾತ್ರಿ, ಮುಂದಿನದು 2038ರ ನವೆಂಬರಿನಲ್ಲಿ. ಸಾಫ್ಟ್‌ವೇರ್ ಹೊಸದು ಮಾಡದ ಹಳೇ ಸೆಟ್ಟುಗಳು ಆ ಹೊತ್ತಿಗೆ ತಾರೀಖು ತಪ್ಪಿದವು, ಕೆಲವು ಜಾಗವನ್ನೂ ತಪ್ಪು ತೋರಿಸಿದವು. ಹಳೇ ಸೆಟ್ಟಿನ ಮೆಮೊರಿಯಲ್ಲಿ ಈಗಿನ ಮ್ಯಾಪ್ ಹಿಡಿಯುವುದೂ ಕಷ್ಟ.

ಹೊಸದು ಕೊಳ್ಳುವಾಗಲೂ ಮ್ಯಾಪಿನ ವಿಚಾರ ಬಿಡಿಸಿ ಕೇಳಿ. 'ಜೀವನಪೂರ್ತಿ ಮ್ಯಾಪ್ ಉಚಿತ' ಅಂದರೆ ನಿಮ್ಮ ಜೀವನ ಅಂತಲ್ಲ, ಕಂಪನಿ ಆ ಮಾಡೆಲ್ಲಿಗೆ ಮ್ಯಾಪ್ ಕೊಡುತ್ತಾ ಇರುವಷ್ಟು ಕಾಲ. ಹಾಗಾಗಿ ಅಂಗಡಿಯಲ್ಲಿ ಎರಡು ಮೂರು ವರ್ಷದಿಂದ ಕೂತಿರುವ ಮಾಡೆಲ್ಲನ್ನು ರಿಯಾಯಿತಿ ಅಂತ ತರಬೇಡಿ. ಮ್ಯಾಪ್ ಹೊಸದು ಮಾಡುವುದನ್ನು ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಅದು ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಸೆಟ್ ಅರ್ಧಂಬರ್ಧ ಆಗಿ ನಿಲ್ಲುತ್ತದೆ. ವಾರ ಮುಂಚೆ ಮಾಡಿ, ಆಮೇಲೆ ಗಾಡಿಯ ಅಳತೆ ಹಾಗೇ ಉಳಿದಿದೆಯಾ ಅಂತ ಒಮ್ಮೆ ತೆರೆದು ನೋಡಿ.

ಸೆಟ್ ಬಂದಮೇಲೆ 'ಅತಿ ಹತ್ತಿರದ ದಾರಿ' ಅನ್ನುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಅದು ಎರಡು ಕಿಲೋಮೀಟರ್ ಉಳಿಸಲು ಹೊಲದ ನಡುವೆ ಕಳಿಸುತ್ತದೆ. 'ಬೇಗ ತಲುಪುವ ದಾರಿ' ಇಟ್ಟುಕೊಳ್ಳಿ. ಡಾಂಬರಿಲ್ಲದ ರಸ್ತೆ ಬೇಡ, ಯು-ತಿರುವು ಬೇಡ ಅಂತ ಗುರುತು ಮಾಡಿ. ಮುಂಚಿನ ಸಂಜೆಯೇ ಇಬ್ಬರೂ ಕೂತು ಮರುದಿನದ ದಾರಿಯನ್ನು ಪರದೆ ಮೇಲೆ ಬೆರಳಿಟ್ಟು ನೋಡಿ. ಮುಖ್ಯರಸ್ತೆ ಬಿಟ್ಟು ಗೆರೆ ಎಲ್ಲಿ ಒಳಕ್ಕೆ ಹೋಗುತ್ತದೋ ಅಲ್ಲಿ ನಿಲ್ಲಿಸಿ, ಯಾಕೆ ಅಂತ ನೋಡಿ. ಬೇಡವಾದರೆ ನಡುವೆ ಒಂದು ಊರನ್ನು ಸೇರಿಸಿ ಗೆರೆಯನ್ನು ಮುಖ್ಯರಸ್ತೆಗೆ ಎಳೆದುಕೊಳ್ಳಿ.

ನನ್ನ ಅನುಭವದಲ್ಲಿ ಎಡವಟ್ಟು ಆಗುವುದು ಬಹುಪಾಲು ತಿರುವು ತಪ್ಪಿದಾಗ. ಸಂಜೆ ನೋಡಿಟ್ಟ ದಾರಿ ಆಗ ಇರುವುದಿಲ್ಲ. ಸೆಟ್ ಆ ಕ್ಷಣದಲ್ಲಿ ಹೊಸದಾಗಿ ಲೆಕ್ಕ ಹಾಕಿ, ಮುಂದಿನ ಸಣ್ಣ ರಸ್ತೆಗೆ ತಿರುಗಿ ಅನ್ನುತ್ತದೆ. ಹಿಂದಿನವರು ಹಾರನ್ ಹಾಕುತ್ತಿರುತ್ತಾರೆ, ನಾವು ಗಾಬರಿಯಲ್ಲಿ ತಿರುಗಿಸುತ್ತೇವೆ. ಹಾಗೆ ಮಾಡಬೇಡಿ. ತಪ್ಪಿತಾ, ಇರಲಿ. ಮುಖ್ಯರಸ್ತೆಯಲ್ಲೇ ಮುಂದೆ ಹೋಗಿ. ಪೆಟ್ರೋಲ್ ಬಂಕೋ, ದೊಡ್ಡ ವೃತ್ತವೋ ಸಿಗುತ್ತದೆ. ಅಲ್ಲಿ ನಿಲ್ಲಿಸಿ ನೋಡಿ. ಸೆಟ್ಟನ್ನು ಒತ್ತುವ ಕೆಲಸ ಪಕ್ಕದಲ್ಲಿ ಕೂತವರದೇ ಆಗಿರಲಿ.

ಕೊನೇ ಒಂದೆರಡು ಕಿಲೋಮೀಟರಿಗೆ ಕ್ಯಾಂಪಿಂಗ್ ಜಾಗದವರೇ ಬರೆದಿರುವ ದಾರಿ ಸೂಚನೆ ಇದ್ದರೆ ಸೆಟ್ ಬಿಟ್ಟು ಅದನ್ನೇ ಹಿಡಿಯಿರಿ, ದೊಡ್ಡ ಗಾಡಿ ಯಾವ ಕಡೆಯಿಂದ ಬರಬೇಕು ಅಂತ ಅವರಿಗೆ ಗೊತ್ತಿರುತ್ತದೆ. ವಿಳಾಸದ ಬದಲು ಅಕ್ಷಾಂಶ ರೇಖಾಂಶ ಕೊಟ್ಟಿದ್ದರೆ ಬರೆದಿರುವ ರೀತಿ ನೋಡಿಕೊಂಡು ಒತ್ತಿ. 45 ಡಿಗ್ರಿ 30 ಮಿನಿಟು ಅಂದರೆ 45.5 ಡಿಗ್ರಿ. ಅದನ್ನು 45.30 ಅಂತ ಒತ್ತಿದರೆ ಉತ್ತರ ದಕ್ಷಿಣಕ್ಕೆ ಸುಮಾರು 22 ಕಿಲೋಮೀಟರ್ ತಪ್ಪುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ 7 ಇಂಚಿನ ಕ್ಯಾಂಪರ್ ಸೆಟ್ ತರುತ್ತಿದ್ದೆ, ಮೇಲೆ ಹೇಳಿದ ಸೇತುವೆ ಪರೀಕ್ಷೆ ಪಾಸಾದರೆ ಮಾತ್ರ. ಯಜಮಾನರ ಫೋನನ್ನೂ ಪಕ್ಕದಲ್ಲಿ ಇಡುತ್ತಿದ್ದೆ, ಮುಂದೆ ಟ್ರಾಫಿಕ್ ಹೇಗಿದೆ ಅಂತ ನೋಡಲು ಅದೇ ಚೆನ್ನ. ವರ್ಷಕ್ಕೆ ಎರಡು ಮೂರು ಸಲ, ಗೊತ್ತಿರುವ ದೊಡ್ಡ ರಸ್ತೆಗಳಲ್ಲಿ ಮಾತ್ರ ಓಡಾಡುತ್ತೀರಿ ಅಂದರೆ ಟ್ಯಾಬ್ಲೆಟ್ಟಿನಲ್ಲಿ ಅಳತೆ ಕೇಳುವ ಆ್ಯಪ್ ಸಾಕು, ಆ ದುಡ್ಡನ್ನು ಹೊಸ ಟೈರಿಗೆ ಇಡಿ. ಈ ವಾರ ಮಾತ್ರ ಏಣಿ ಹಾಕಿ ಎಸಿಯ ಮುಚ್ಚಳದಿಂದ ನೆಲಕ್ಕೆ ಎಷ್ಟು ಬಂತು ಅಂತ ಅಳೆದು ಬರೆದು ಕಳಿಸಿ. 3.3 ದಾಟಿದ್ದರೆ ಆ ಎಸಿಯನ್ನು ತೆಗೆಸಿ ತಗ್ಗಿನದು ಹಾಕಿಸಬೇಕಾ ಅನ್ನುವುದನ್ನೂ ಮಾತಾಡೋಣ.